ಒಳಚರಂಡಿ ಕಾರ್ಖಾನೆಗಳ ತಿಪ್ಪೆಯಲ್ಲ

ಕೊಳಚೆ ನೀರಿನ ಮಾತು ಎಲ್ಲಿ ಬಂದರೂ, ಅದು ನಗರಸಭೆಯ ಸಭೆಯಿರಲಿ, ವಿಧಾನಸಭೆಯ ಚರ್ಚೆಯಿರಲಿ, ಒಂದು ಉತ್ತರ ಸಿದ್ಧವಾಗಿರುತ್ತದೆ: ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದೆ. ಇಲ್ಲದಿದ್ದರೆ ಕಟ್ಟುತ್ತೇವೆ. ಕಾರ್ಖಾನೆಗಳು ಒಳಚರಂಡಿಗೆ ಬಿಡುವ ರಾಸಾಯನಿಕದ ಗತಿಯೇನು ಎಂದು ಯಾರಾದರೂ ಕೇಳಿದರೆ ಇನ್ನೆರಡು ಮಾತು ಸೇರಿಕೊಳ್ಳುತ್ತವೆ. ಲಕ್ಷಾಂತರ ಮನೆಗಳ ಬಚ್ಚಲು ನೀರಿನಲ್ಲಿ ಬೆರೆತಾಗ ಅದರ ಸತ್ವ ಉಳಿಯುವುದಿಲ್ಲ ಎನ್ನುವುದು ಒಂದು. ಉಳಿದದ್ದನ್ನು ಶುದ್ಧೀಕರಣ ಘಟಕ ನೋಡಿಕೊಳ್ಳುತ್ತದೆ ಎನ್ನುವುದು ಇನ್ನೊಂದು. ಇಂಜಿನಿಯರುಗಳು ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುತ್ತಾರೆ, ಉದ್ಯಮಿಗಳು ಉದ್ಯೋಗದ ಭಾಷೆಯಲ್ಲಿ, ರಾಜಕಾರಣಿಗಳು ಬರಗಾಲದ ಭಾಷೆಯಲ್ಲಿ. ಎಲ್ಲರೂ ಹೇಳುವುದರಿಂದ ಅದು ಸತ್ಯವೆಂದೇ ಜನ ನಂಬಿದ್ದಾರೆ.

ಅದು ಸತ್ಯವಲ್ಲ. ಒಳಚರಂಡಿಗೆ ಇಳಿದ ಲೋಹ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕಾರ್ಖಾನೆಯ ಅಂಗಳದಲ್ಲಿ ಒಂದು ತೊಟ್ಟಿಯಷ್ಟಿದ್ದ ವಿಷವನ್ನು ಊರಿನ ಕೋಟ್ಯಂತರ ಲೀಟರ್ ನೀರಿಗೆ ಬೆರೆಸಿದ ಮೇಲೆ ಅದನ್ನು ಮತ್ತೆ ಹೆಕ್ಕಿ ತೆಗೆಯುವ ಖರ್ಚು ಊರಿನ ತಲೆಯ ಮೇಲೆ ಬೀಳುತ್ತದೆ. ಊರು ಆ ಖರ್ಚು ಹೊರದಿದ್ದರೆ ಕೆಳಗಿನ ರೈತ ಹೊರುತ್ತಾನೆ. ಬೆರೆಸಿದವನು ಮಾತ್ರ ಹೊರುವುದಿಲ್ಲ.

ಮೊದಲು ಘಟಕದ ಒಳಗೆ ಏನು ನಡೆಯುತ್ತದೆ ನೋಡಬೇಕು. ನಮ್ಮ ಊರುಗಳ ಎಸ್‌ಟಿಪಿಗಳಲ್ಲಿ ಕೊಳಚೆಯನ್ನು ಶುದ್ಧಮಾಡುವುದು ಯಂತ್ರವಲ್ಲ, ಜೀವಾಣು. ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದುತ್ತಾರೆ. ಅಲ್ಲಿ ಸಾಕಿದ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಮಲ, ಅನ್ನದ ಗಂಜಿ, ಸೊಪ್ಪುಸದೆಯ ಅಂಶವನ್ನು ತಿಂದು ಬೆಳೆದು, ತಾವೇ ಗಸಿಯಾಗಿ ಕೆಳಗೆ ಕೂರುತ್ತವೆ. ಮನುಷ್ಯನ ದೇಹದಿಂದ, ಅಡುಗೆಮನೆಯಿಂದ ಬಂದ ಕೊಳೆಗೆ ಇದಕ್ಕಿಂತ ಅಗ್ಗದ ವಿಧಾನವಿಲ್ಲ. ಆದರೆ ಕ್ರೋಮಿಯಂ, ನಿಕಲ್, ಸೀಸ, ಕ್ಯಾಡ್ಮಿಯಂಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಲೋಹ ಲೋಹವಾಗಿಯೇ ಉಳಿಯುತ್ತದೆ. ಬಹುಪಾಲು ಗಸಿಯಲ್ಲಿ ಕೂರುತ್ತದೆ, ಉಳಿದದ್ದು ನೀರಿನೊಂದಿಗೆ ಹೊರಗೆ ಹೋಗುತ್ತದೆ. ಗಸಿ ಒಣಗಿ ಗೊಬ್ಬರವಾಗಿ ಹೊಲಕ್ಕೆ ಬಂದರೆ ಲೋಹವೂ ಹೊಲಕ್ಕೆ ಬಂತು.

ಇನ್ನೂ ಕೆಟ್ಟದ್ದೆಂದರೆ, ವಿಷ ಒಂದು ಮಿತಿ ಮೀರಿ ಬಂದ ದಿನ ಆ ಜೀವಾಣುಗಳೇ ಸಾಯುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಂತೂ ಬಹಳ ನಾಜೂಕಿನವು. ಲೋಹ, ಸಯನೈಡ್ ತಗುಲಿದರೆ ಮೊದಲು ಕೈಕೊಡುವುದು ಅವೇ. ಸತ್ತ ಸಂತತಿ ಮತ್ತೆ ಬೆಳೆಯಲು ವಾರಗಳು ಬೇಕು. ಅಷ್ಟೂ ದಿನ ಮನೆಗಳ ಸಾಮಾನ್ಯ ಕೊಳಚೆಯೂ ಅರ್ಧಂಬರ್ಧ ಶುದ್ಧವಾಗಿ ಕೆರೆ ಸೇರುತ್ತದೆ. ಘಟಕ ವಿಷವನ್ನು ನೋಡಿಕೊಳ್ಳುತ್ತದೆ ಎಂಬ ಮಾತು ತಲೆಕೆಳಗಾಗುವುದು ಇಲ್ಲಿ.

ಈ ಪಾಠವನ್ನು ಅತ್ಯಂತ ದುಬಾರಿಯಾಗಿ ಕಲಿತ ಊರು ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್. 1977ರ ಮಾರ್ಚ್‌ನಲ್ಲಿ ಅಲ್ಲಿನ ಮಾರಿಸ್ ಫೋರ್ಮನ್ ಶುದ್ಧೀಕರಣ ಘಟಕದ ಕೆಲಸಗಾರರಿಗೆ ಕಣ್ಣುರಿ, ಗಂಟಲುರಿ, ಉಸಿರಾಟದ ತೊಂದರೆ ಶುರುವಾಯಿತು. ಪರೀಕ್ಷಿಸಿದಾಗ ಸಿಕ್ಕಿದ್ದು ಹೆಕ್ಸಾಕ್ಲೋರೋಸೈಕ್ಲೋಪೆಂಟಾಡೈಯೀನ್, ಕೀಟನಾಶಕ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ. ತ್ಯಾಜ್ಯ ವಿಲೇವಾರಿಯ ಗುತ್ತಿಗೆ ಹಿಡಿದವನೊಬ್ಬ ಅದನ್ನು ಗುಟ್ಟಾಗಿ ಊರಿನ ಒಳಚರಂಡಿಗೆ ಸುರಿಸಿದ್ದ. ಟನ್ನುಗಟ್ಟಲೆ. ಘಟಕವನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ಮುಚ್ಚಿದಷ್ಟು ದಿನ ಪ್ರತಿದಿನ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರಿನಷ್ಟು ಹಸಿ ಕೊಳಚೆ ನೇರವಾಗಿ ಒಹಾಯೊ ನದಿಗೆ ಹರಿಯಿತು. ಕೊಳವೆಗಳೊಳಗೆ ಅಂಟಿದ ವಿಷವನ್ನು ತೊಳೆಯುವ ಕೆಲಸ ಘಟಕ ತೆರೆದ ಮೇಲೂ ಮುಗಿಯಲಿಲ್ಲ. ಸುರಿಸಿದವನಿಗೆ ಎರಡು ವರ್ಷ ಜೈಲಾಯಿತು. ಖರ್ಚನ್ನು ಹೊತ್ತಿದ್ದು ಜನ. ಅಷ್ಟು ದೊಡ್ಡ ನಗರದ ಕೊಳಚೆಯಲ್ಲಿ ಆ ವಿಷ ತೆಳುವಾಗಿ ಕರಗಿಹೋಗಬೇಕಿತ್ತು, ಬೆರೆತರೆ ಸತ್ವ ಉಳಿಯುವುದಿಲ್ಲ ಎಂಬ ವಾದವನ್ನು ನಂಬುವುದಾದರೆ.

ಅದೇ ಊರಿನಲ್ಲಿ 1981ರ ಫೆಬ್ರವರಿ 13ರ ಬೆಳಗಿನ ಜಾವ ಬೀದಿಗಳು ಸ್ಫೋಟಿಸಿದವು. ಸೋಯಾಬೀನ್ ಕಾರ್ಖಾನೆಯಿಂದ ಒಳಚರಂಡಿಗೆ ಸೋರಿದ್ದ ಹೆಕ್ಸೇನ್ ಆವಿಯಾಗಿ ಕೊಳವೆಗಳಲ್ಲಿ ತುಂಬಿಕೊಂಡಿತ್ತು. ಹೆಕ್ಸೇನ್ ಎಂದರೆ ಹಿಂಡಿಯಿಂದ ಉಳಿದ ಎಣ್ಣೆಯನ್ನು ತೆಗೆಯಲು ಸಾಲ್ವೆಂಟ್ ಕಾರ್ಖಾನೆಗಳು ಬಳಸುವ ದ್ರವ. ಚಳ್ಳಕೆರೆಯಂಥ ಎಣ್ಣೆಯ ಊರನ್ನು ಬಲ್ಲವರಿಗೆ ಇದು ಹೊಸ ಹೆಸರಲ್ಲ. ಒಂದು ಕಾರಿನಿಂದ ಹಾರಿದ ಕಿಡಿಗೆ ಮೂರು ಕಿಲೋಮೀಟರಿನಷ್ಟು ರಸ್ತೆ ಕುಸಿಯಿತು. ಜನ ಮಲಗಿದ್ದ ಹೊತ್ತಾದ್ದರಿಂದ ಯಾರೂ ಸಾಯಲಿಲ್ಲ. ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೆ ಆ ಅದೃಷ್ಟವಿರಲಿಲ್ಲ. 1992ರ ಏಪ್ರಿಲ್ 22ರಂದು ಅಲ್ಲಿನ ಒಳಚರಂಡಿಯಲ್ಲಿ ಸೇರಿದ್ದ ಪೆಟ್ರೋಲ್ ಹೊತ್ತಿ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ಇವು ಹೊರದೇಶದ ಅಪರೂಪದ ಅಪಘಾತಗಳು, ನಮಗೇಕೆ ಎನ್ನುವವರಿದ್ದಾರೆ. ನಮ್ಮಲ್ಲಿ ನಡೆಯುತ್ತಿರುವುದು ಅಪಘಾತವಲ್ಲ, ದಿನಚರಿ. ಅದಕ್ಕೆ ಕಾನೂನಿನ ಬೆಂಬಲವೂ ಇದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯನ್ನು ತೆರೆದು ನೋಡಬಹುದು. ಕಾರ್ಖಾನೆಯೊಂದು ನದಿಗೋ ಕೆರೆಗೋ ನೀರು ಬಿಡುವುದಾದರೆ ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಲೀಟರಿಗೆ 0.1 ಮಿಲಿಗ್ರಾಂ ಮೀರುವಂತಿಲ್ಲ. ಅದೇ ನೀರನ್ನು ಊರಿನ ಒಳಚರಂಡಿಗೆ ಬಿಟ್ಟರೆ ಮಿತಿ 2 ಮಿಲಿಗ್ರಾಂ. ಇಪ್ಪತ್ತು ಪಟ್ಟು ರಿಯಾಯಿತಿ! ಸಯನೈಡಿಗೆ ನದಿಯಲ್ಲಿ 0.2, ಒಳಚರಂಡಿಯಲ್ಲಿ 2. ಸೀಸಕ್ಕೆ 0.1 ಇದ್ದದ್ದು 1. ಬೆರೆತರೆ ಕರಗಿಹೋಗುತ್ತದೆ ಎಂಬ ನಂಬಿಕೆ ಹರಟೆಕಟ್ಟೆಯ ಮಾತಾಗಿ ಉಳಿದಿಲ್ಲ, ಸರ್ಕಾರಿ ರಾಜ್ಯಪತ್ರದ ಅಂಕಿಯಾಗಿ ಕುಳಿತಿದೆ. ಸಯನೈಡ್ ಕಾಲಕ್ರಮದಲ್ಲಿ ಒಡೆಯಬಹುದಾದ ವಸ್ತು. ಕ್ರೋಮಿಯಂ, ಸೀಸಗಳಿಗೆ ಈ ರಿಯಾಯಿತಿ ಕೊಡಲು ಯಾವ ವೈಜ್ಞಾನಿಕ ಆಧಾರವೂ ಸಾಲದು.

ಅದೇ ಅನುಸೂಚಿಯಲ್ಲಿ ಒಂದು ಷರತ್ತೂ ಇದೆ. ಆ ಒಳಚರಂಡಿ ಜೈವಿಕ ವಿಧಾನವೂ ಸೇರಿದ ಎರಡನೆಯ ಹಂತದ ಶುದ್ಧೀಕರಣ ಘಟಕಕ್ಕೆ ಹೋಗುವುದಾದರೆ ಮಾತ್ರ ಈ ರಿಯಾಯಿತಿ. ಇಲ್ಲದಿದ್ದರೆ ನದಿಗೆ ಬಿಡುವ ಕಟ್ಟುನಿಟ್ಟೇ ಅನ್ವಯ. ಈ ಷರತ್ತನ್ನು ಪ್ರಾಮಾಣಿಕವಾಗಿ ಜಾರಿ ಮಾಡಿದರೆ ಕರ್ನಾಟಕದ ಎಷ್ಟೋ ಪಟ್ಟಣಗಳಲ್ಲಿ ರಿಯಾಯಿತಿಯೇ ಇರುವುದಿಲ್ಲ. ಒಳಚರಂಡಿ (ಯುಜಿಡಿ) ಕೊಳವೆ ಅರ್ಧ ಊರಿಗೆ ಹಾಕಿ ನಿಂತಿರುತ್ತದೆ, ಒಡೆದ ಕಡೆ ರಾಜಕಾಲುವೆಗೆ ಹರಿಯುತ್ತದೆ, ರಾಜಕಾಲುವೆ ಕೆರೆಗೆ ಹೋಗುತ್ತದೆ.

ಕೊನೆಗೆ ಘಟಕದ ಬಾಗಿಲಲ್ಲಿ ಹೊರಬರುವ ನೀರನ್ನು ಅಳೆಯುವುದು ಹೇಗೆ? ಕೇಂದ್ರ ಪರಿಸರ ಸಚಿವಾಲಯ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಎಸ್‌ಟಿಪಿ ಮಾನದಂಡದಲ್ಲಿ ಇರುವುದು ನಾಲ್ಕೇ ಅಂಶ: ಆಮ್ಲ-ಕ್ಷಾರದ ಪ್ರಮಾಣ, ಬಿಓಡಿ (ಜೈವಿಕ ಆಮ್ಲಜನಕ ಬೇಡಿಕೆ), ತೇಲುವ ಘನಕಣಗಳು, ಮಲದ ಬ್ಯಾಕ್ಟೀರಿಯಾ. ಲೋಹದ ಸುದ್ದಿಯಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾನದಂಡ ಬಿಗಿಗೊಳಿಸಲು ಹೇಳಿದಾಗ ಸಾರಜನಕ, ರಂಜಕ ಸೇರಿದವು; ಆಗಲೂ ಲೋಹ ಸೇರಲಿಲ್ಲ. ಅಂದಮೇಲೆ ಶುದ್ಧೀಕರಿಸಿದ ನೀರು ಮಾನದಂಡಕ್ಕೆ ತಕ್ಕಂತಿದೆ ಎಂದು ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ ಅವನು ಸುಳ್ಳು ಹೇಳಿದಂತಾಗುವುದಿಲ್ಲ. ಆ ಪತ್ರ ಕ್ರೋಮಿಯಂ ಬಗ್ಗೆ ಏನನ್ನೂ ಹೇಳುವುದೂ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬುದನ್ನು ಜನ ತಿಳಿಯಬೇಕು.

ಚಿತ್ರದುರ್ಗದಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳೆಲ್ಲ ದಾಟುವ ಪೀಣ್ಯ, 1970ರ ದಶಕದಲ್ಲಿ ರೂಪುಗೊಂಡ ಕೈಗಾರಿಕಾ ಪ್ರದೇಶ. ಬರಗಾಲದಲ್ಲಿ ಊರು ಬಿಟ್ಟ ಬಯಲುಸೀಮೆಯ ಎಷ್ಟೋ ಮಕ್ಕಳಿಗೆ ಮೊದಲ ಸಂಬಳ ಕೊಟ್ಟದ್ದು ಅದರ ಶೆಡ್ಡುಗಳೇ. ಆ ಋಣವನ್ನು ಮರೆಯಬೇಕಿಲ್ಲ. ಆದರೆ ಅಲ್ಲಿನ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಸುತ್ತಲಿನ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿರುವುದು ಸರ್ಕಾರಿ ಸಂಸ್ಥೆಗಳ ಅಧ್ಯಯನಗಳಲ್ಲೇ ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ.

ಪೀಣ್ಯದ ಒಂದು ಪಾಲಿನ ನೀರು ಇಳಿಯುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಜನ ನಂಬುವ ಈ ಹೊಳೆ ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಾಗಿ ಹರಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಅರ್ಕಾವತಿ, ಮುಂದೆ ಕಾವೇರಿ. ಬೈರಮಂಗಲದ ಕೆರೆ 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ್ದು. ಭತ್ತ, ಕಬ್ಬು ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ರೈತರು ನಿಧಾನವಾಗಿ ಹಿಪ್ಪುನೇರಳೆಗೆ, ಬೇಬಿಕಾರ್ನ್‌ಗೆ, ಸೀಮೆಹುಲ್ಲಿಗೆ ಹೊರಳಿದರು. ಆ ನೀರನ್ನು ತಡೆದುಕೊಳ್ಳುವ ಬೆಳೆಗಳು ಅವು. ಹುಲ್ಲು ಹಸುವಿಗೆ, ಹಾಲು ಡೇರಿಗೆ, ಡೇರಿಯ ಹಾಲು ಮತ್ತೆ ನಗರಕ್ಕೆ. ಬೇಸಾಯದ ಬದಲಾವಣೆ, ನೀರಿಗಿಳಿದರೆ ಬರುವ ಕೈಕಾಲು ತುರಿಕೆ, ಬಳಸಲಾಗದ ಬಾವಿ: ಇವಾವುದೂ ಬೆಂಗಳೂರಿನ ಯಾವ ಕಾರ್ಖಾನೆಯ ಲೆಕ್ಕಪುಸ್ತಕದಲ್ಲೂ ಖರ್ಚಾಗಿ ಬರೆದಿಲ್ಲ. ಬರೆಯದ ಖರ್ಚೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಬೆಳ್ಳಂದೂರು ಕೆರೆಯ ನೊರೆ, ಬೆಂಕಿಗಳನ್ನು ಜಗತ್ತೇ ನೋಡಿತು. 2017ರ ಫೆಬ್ರವರಿಯಲ್ಲಿ ಕೆರೆ ಹೊತ್ತಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಸೈನಿಕರು ಬಂದು ಆರಿಸಿದರು. ಅಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ನೊರೆಗೆ ಮುಖ್ಯ ಕಾರಣ ಮನೆಮನೆಯ ಸೋಪುಪುಡಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಕಣ್ಣಿಗೆ ಕಂಡ ಕೊಳೆಯ ದೊಡ್ಡ ಪಾಲು ನಾಗರಿಕರದೇ. ಹಾಗೆಂದು ಕಣ್ಣಿಗೆ ಕಾಣದ ಲೋಹದ ಪಾಲನ್ನು ಮನ್ನಿಸುವಂತಿಲ್ಲ. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿ, ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ಎತ್ತಿಡಲು ಆದೇಶಿಸಿತು. ಆ ಹಣ ಯಾರದು? ತೆರಿಗೆ ಕಟ್ಟಿದವರದು. ಮೊಳಕಾಲ್ಮೂರಿನಲ್ಲಿ ಬೆಂಕಿಪೊಟ್ಟಣ ಕೊಂಡವರ ತೆರಿಗೆಯೂ ಅದರಲ್ಲಿದೆ.

ಉದ್ಯಮದ ಪರವಾಗಿ ಹೇಳುವ ಗಟ್ಟಿಯಾದ ವಾದ ಇದು: ಸಣ್ಣ ಪ್ಲೇಟಿಂಗ್ ಘಟಕದವನು ಹತ್ತು ಜನಕ್ಕೆ ಕೆಲಸ ಕೊಟ್ಟವನು, ಅವನು ಶುದ್ಧೀಕರಣದ ಹೊರೆ ಹೊತ್ತರೆ ಬಾಗಿಲು ಮುಚ್ಚುತ್ತಾನೆ. ಈ ವಾದಕ್ಕೆ 1987ರಲ್ಲೇ ಉತ್ತರ ಕೊಟ್ಟವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳು ಗಂಗೆಗೆ ಬಿಡುತ್ತಿದ್ದ ನೀರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಪೀಠದಿಂದ ಅವರು ಹೇಳಿದ್ದರ ಸಾರ ಇಷ್ಟು: ಕೆಲಸಗಾರನಿಗೆ ಕನಿಷ್ಠ ಕೂಲಿ ಕೊಡಲಾಗದ ಕಾರ್ಖಾನೆಗೆ ನಡೆಯುವ ಹಕ್ಕಿಲ್ಲ, ಹಾಗೆಯೇ ತನ್ನ ತ್ಯಾಜ್ಯಕ್ಕೆ ಪ್ರಾಥಮಿಕ ಶುದ್ಧೀಕರಣ ಮಾಡಲಾಗದ ಕಾರ್ಖಾನೆಗೂ ಇಲ್ಲ. 1996ರಲ್ಲಿ ವೆಲ್ಲೂರಿನ ಚರ್ಮೋದ್ಯಮದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಲಿನ ಮಾಡಿದವನೇ ಸಂತ್ರಸ್ತರ ಪರಿಹಾರವನ್ನೂ ಪರಿಸರವನ್ನು ಮೊದಲಿನಂತೆ ಮಾಡುವ ವೆಚ್ಚವನ್ನೂ ತೆರಬೇಕೆಂದು ತೀರ್ಪಿತ್ತಿತು. ಅಲ್ಲಿ ಹಾಳಾದ ಪಾಲಾರ್ ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ.

ಬೆರೆಸಿ ಶುದ್ಧಮಾಡುವ ಪ್ರಯೋಗವನ್ನು ಕಾನ್ಪುರದಲ್ಲಿ ಮಾಡಿಯೂ ನೋಡಿದರು. 1990ರ ದಶಕದಲ್ಲಿ ಜಾಜ್‌ಮೌದಲ್ಲಿ ಕಟ್ಟಿದ ಘಟಕ ದಿನಕ್ಕೆ 90 ಲಕ್ಷ ಲೀಟರ್ ಚರ್ಮೋದ್ಯಮದ ನೀರನ್ನು 2 ಕೋಟಿ 70 ಲಕ್ಷ ಲೀಟರ್ ಊರಿನ ಕೊಳಚೆಯೊಂದಿಗೆ ಬೆರೆಸಿ ಶುದ್ಧಮಾಡುವಂತೆ ರೂಪಿಸಿದ್ದು. ಒಂದಕ್ಕೆ ಮೂರು ಪಾಲು ಊರಿನ ನೀರು. ಅಲ್ಲಿಂದ ಹೊರಟ ನೀರು ಸುತ್ತಲ ಹಳ್ಳಿಗಳ ಹೊಲಕ್ಕೆ ಹರಿಯಿತು, ಕ್ರೋಮಿಯಂ ಮಣ್ಣಿನಲ್ಲಿ ಕೂಡಿಕೊಂಡಿತು. ತೆಳುವಾಗಿಸುವುದೇ ಪರಿಹಾರ ಎನ್ನುವವರು ಆ ಹಳ್ಳಿಗಳ ಕಡೆ ಒಮ್ಮೆ ನೋಡಬೇಕು.

ಹಾಗಾದರೆ ಕಾರ್ಖಾನೆಯ ಬಾಗಿಲಲ್ಲೇ ತಡೆಯುವುದು ಅಷ್ಟು ಕಷ್ಟವೇ? ಕ್ರೋಮಿಯಂ ವಿಷಯದಲ್ಲಿ ರಸಾಯನಶಾಸ್ತ್ರ ಸರಳ. ತೊಳೆದ ನೀರನ್ನು ಬೇರೆ ತೊಟ್ಟಿಗೆ ತೆಗೆದು, ಆಮ್ಲ ಹಾಕಿ, ಸೋಡಿಯಂ ಬೈಸಲ್ಫೈಟ್ ಬೆರೆಸಿದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ಅಷ್ಟಾಗಿ ವಿಷಕಾರಿಯಲ್ಲದ ರೂಪಕ್ಕೆ ಇಳಿಯುತ್ತದೆ; ಆಮೇಲೆ ಸುಣ್ಣ ಹಾಕಿದರೆ ಗಸಿಯಾಗಿ ಕೆಳಗೆ ಕೂರುತ್ತದೆ. ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯದ ನೆಲಭರ್ತಿಗೆ ಕಳಿಸಬೇಕು. ಒಬ್ಬನಿಗೆ ಭಾರವಾದರೆ ಐವತ್ತು ಘಟಕಗಳು ಸೇರಿ ಒಂದು ಸಾಮೂಹಿಕ ಘಟಕ ಕಟ್ಟಿಕೊಳ್ಳಬಹುದು, ಸರ್ಕಾರ ನೆರವು ಕೊಡಬಹುದು, ಕೊಡಲಿ. ಆಟದ ನಿಯಮ ಒಂದೇ: ಪ್ಲೇಟಿಂಗ್ ನೀರು ಮನೆಗಳ ಕೊಳಚೆಯನ್ನು ಮುಟ್ಟುವ ಮೊದಲೇ ಈ ಕೆಲಸ ಮುಗಿಯಬೇಕು. ಒಂದು ತೊಟ್ಟಿ ನೀರಿನಲ್ಲಿ ಸುಲಭವಾದದ್ದು ಒಂದು ಹೊಳೆಯಷ್ಟು ನೀರಿನಲ್ಲಿ ಅಸಾಧ್ಯ.

ಲೋಹವಷ್ಟೇ ಅಲ್ಲ, ಕಾರ್ಖಾನೆಗಳು ಆಮ್ಲವನ್ನೂ ಒಳಚರಂಡಿಗೆ ಬಿಡುತ್ತವೆ. ಕೊಳವೆಯಲ್ಲಿ ಕೊಳೆತ ಕೆಸರಿನ ಸಲ್ಫೈಡಿಗೆ ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಸಯನೈಡಿಗೆ ತಗುಲಿದರೆ ಹೈಡ್ರೋಜನ್ ಸಯನೈಡ್. ಎರಡೂ ಕೊಲ್ಲುವ ಅನಿಲಗಳು. ಮ್ಯಾನ್‌ಹೋಲಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾಯ್ದೆ ಹೇಳಿದರೂ ಇಳಿಸುತ್ತಲೇ ಇದ್ದಾರೆ, ಸಾಯುತ್ತಲೇ ಇದ್ದಾರೆ. ಇಳಿಯುವವರು ಯಾವ ಕೇರಿಯವರೆಂದು ಕನ್ನಡನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಒಳಚರಂಡಿಗೆ ರಾಸಾಯನಿಕ ಬಿಡುವುದನ್ನು ಬರೀ ಪರಿಸರದ ವಿಷಯವೆಂದು ನೋಡುವುದು ಈ ಕಾರಣಕ್ಕೆ ತಪ್ಪು. ಅದು ಜೀವದ ವಿಷಯ, ಜಾತಿಯ ವಿಷಯ.

ಇದೆಲ್ಲ ಬೆಂಗಳೂರಿನ ಪಾಡು ಎಂದು ಚಿತ್ರದುರ್ಗದ ಸೀಮೆ ಸುಮ್ಮನಿರುವಂತಿಲ್ಲ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ಈಗ ಬಯಲುಸೀಮೆಯ ಕೆರೆಗಳಿಗೆ ಹರಿಯುತ್ತಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿ ಹೈಕೋರ್ಟ್ ತಡೆ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು, ಕೊನೆಗೆ ಯೋಜನೆ ಮುಂದುವರಿಯಿತು. ಕೋಲಾರದ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಏರಿದ್ದು ನಿಜ. ಒಣಗಿದ ನಾಡಿಗೆ ಅದು ಸಣ್ಣ ಮಾತಲ್ಲ. ಅದಕ್ಕೇ ಅಲ್ಲಿನ ರೈತ ಹೋರಾಟಗಾರರು ನೀರು ಬೇಡವೆನ್ನಲಿಲ್ಲ. ಮೂರನೆಯ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದರು. ವೃಷಭಾವತಿ ಕಣಿವೆಯ ನೀರನ್ನು ತುಮಕೂರು ಜಿಲ್ಲೆಯ ಕೆರೆಗಳಿಗೆ ಏರಿಸುವ ಯೋಜನೆಯೂ ಇದೆ. ತುಮಕೂರು ದಾಟಿದರೆ ಹಿರಿಯೂರು.

ಕಾಣದ ವಿಷ ಹೇಗಿರುತ್ತದೆಂದು ಚಿತ್ರದುರ್ಗ ಜಿಲ್ಲೆಗೆ ಚೆನ್ನಾಗಿ ಗೊತ್ತು. ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ. ನೀರು ತಿಳಿಯಾಗಿಯೇ ಇರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಹಲ್ಲು ಕಂದಾದ ಮೇಲೆ, ಮೂಳೆ ಬಾಗಿದ ಮೇಲೆ ತಿಳಿಯುತ್ತದೆ. ಅದು ಕಲ್ಲಿನಿಂದ ಬಂದದ್ದು, ಯಾರನ್ನೂ ದೂರುವಂತಿಲ್ಲ. ತಕ್ಷಣ ಕಾಣಿಸಿಕೊಳ್ಳುವ ವಿಷದ ಕಥೆ ಬೇರೆ. 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮಂತ್ರಿಗಳು ಬಂದರು, ವಿಚಾರಣೆಯಾಯಿತು. ರೋಗಾಣು ಬೆರೆತ ನೀರು ಎರಡೇ ದಿನದಲ್ಲಿ ತನ್ನನ್ನು ತಾನೇ ತೋರಿಸಿಕೊಡುತ್ತದೆ. ಕ್ರೋಮಿಯಂ, ಕ್ಯಾಡ್ಮಿಯಂ ತೋರಿಸಿಕೊಡುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ಬರುವ ಕಾಯಿಲೆಗೆ ಯಾವ ಮಂತ್ರಿಯೂ ಬರುವುದಿಲ್ಲ, ಯಾರ ಅಮಾನತೂ ಆಗುವುದಿಲ್ಲ.

ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲಿನ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಸಾರುವುದು ಕೆರೆಯೊಂದರ ನಿರ್ಮಾಣವನ್ನು. ಗೆದ್ದ ರಾಜ್ಯಗಳ ಪಟ್ಟಿಯ ಜೊತೆಗೇ ಕೆರೆಯನ್ನೂ ಕೀರ್ತಿಯೆಂದು ಕೆತ್ತಿಸಿದ ನೆಲ ಇದು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ನೀರಿಳಿಯುವಂತೆ ಕಟ್ಟಿದ ಕೋಟೆಯ ಕೆಳಗೆ ಇಂದಿನ ಊರಿದೆ. ಮೇಲಿನ ಹೊಂಡದಲ್ಲಿ ಬಿದ್ದದ್ದು ಕೆಳಗಿನ ಹೊಂಡಕ್ಕೆ ಬರುತ್ತದೆಂದು ಅದನ್ನು ಕಟ್ಟಿದವರಿಗೆ ತಿಳಿದಿತ್ತು.

ಹೆದ್ದಾರಿ 48ರ ಉದ್ದಕ್ಕೂ ಕೈಗಾರಿಕೆ ಬರಲಿದೆ, ಬರಬೇಕು. ಬಂದಾಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸ್ಥಳೀಯ ಸಭೆಗಳ ಸದಸ್ಯರು ಎಸ್‌ಟಿಪಿ ಇದೆ ಎಂಬ ಉತ್ತರಕ್ಕೆ ತಲೆದೂಗಿ ಕೂರಬಾರದು. ಯುಜಿಡಿಗೆ ಯಾವ ಕಾರ್ಖಾನೆಯ ಕೊಳವೆ ಸೇರಿದೆ, ಆ ನೀರಿನಲ್ಲಿ ಯಾವ ಲೋಹ ಎಷ್ಟಿದೆ, ಘಟಕದ ಗಸಿಯನ್ನು ಯಾರ ಹೊಲಕ್ಕೆ ಹಾಕುತ್ತಿದ್ದಾರೆ ಎಂಬ ಮೂರು ವರದಿಗಳನ್ನು ಪ್ರತಿ ತಿಂಗಳು ಸಭೆಯ ಮುಂದೆ ಇಡುವಂತೆ ಠರಾವು ಮಾಡಲಿ. ಕೆರೆಗೆ ನೀರು ಕೇಳುವ ರೈತ ಸಂಘಗಳು ನೀರಿನೊಂದಿಗೆ ಲೋಹದ ಪರೀಕ್ಷೆಯ ಪಟ್ಟಿಯನ್ನೂ ಕೇಳಲಿ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯು, ಕೇಂದ್ರದ ನಿಯಮ ಒಳಚರಂಡಿಗೆ ಕೊಟ್ಟಿರುವ ಇಪ್ಪತ್ತು ಪಟ್ಟಿನವರೆಗಿನ ರಿಯಾಯಿತಿಯನ್ನು ಈ ರಾಜ್ಯದ ಮಟ್ಟಿಗಾದರೂ ಕಿತ್ತುಹಾಕಲಿ. ಕೇಂದ್ರದ ಮಿತಿಗಿಂತ ಕಟ್ಟುನಿಟ್ಟಾದ ಮಿತಿ ಹಾಕುವ ಅಧಿಕಾರ ರಾಜ್ಯದ ಮಂಡಳಿಗೆ ಇದೆ.